ಹೆಸರು ಒಂದೇ, ವ್ಯಕ್ತಿ ಬೇರೆ

ಮಕ್ಕಳಿಗೆ ಹೆಸರಿಡುವ ವಿಷಯದಲ್ಲಿ ಖುತ್ಬಾ ಆದ ಒಂದು ಜುಮಾದ ದಿನ, ನಮಾಝ್ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಹೈಸ್ಕೂಲಿನ ಹುಡುಗನೊಬ್ಬ ಹತ್ತಿರ ಬಂದು ಕೇಳಿದ: "ಸರ್, ನಮ್ಮ ಏಕ್ ಮಿನಾರ್ ಮಸೀದಿ ಕಟ್ಟಿಸಿದ ಮಲಿಕ್ ಅಂಬರ್, ಇತಿಹಾಸದ ಪುಸ್ತಕದಾಗ ಬರೋ ಮಲಿಕ್ ಅಂಬರ್, ಇಬ್ರೂ ಒಬ್ರೇ ಏನ್ರಿ?"

ಪ್ರಶ್ನೆ ಚಿಕ್ಕದು. ಆದರೆ ದೊಡ್ಡವರೂ ಇಲ್ಲಿ ಎಡವುತ್ತಾರೆ. ರಾಯಚೂರು ನೋಡಲು ಬಂದ ನೆಂಟರಿಗೆ "ಇದು ಆ ಪ್ರಸಿದ್ಧ ಮಲಿಕ್ ಅಂಬರ್ ಕಟ್ಟಿಸಿದ್ದು" ಎಂದು ಹೇಳುವವರನ್ನು ನಾನೇ ಕೇಳಿದ್ದೇನೆ.

ಲೆಕ್ಕ ಹಾಕಿ ನೋಡೋಣ. ಏಕ್ ಮಿನಾರ್ ಮಸೀದಿಯ ಪಾರಸಿ ಶಾಸನದ ಪ್ರಕಾರ ಅದು ಕಟ್ಟಿದ್ದು ಹಿಜರಿ 919ರಲ್ಲಿ, ಅಂದರೆ ಕ್ರಿ.ಶ. 1513ರ ಸುಮಾರಿಗೆ, ಬಹಮನಿ ಸುಲ್ತಾನ್ ಮಹಮೂದ್ ಶಾಹನ ಕಾಲದಲ್ಲಿ. ಪುಸ್ತಕದಲ್ಲಿ ಬರುವ ಮಲಿಕ್ ಅಂಬರ್ ಹುಟ್ಟಿದ್ದೇ 1548ರ ಸುಮಾರಿಗೆ, ಇಥಿಯೋಪಿಯಾದಲ್ಲಿ. ಚಿಕ್ಕಂದಿನಲ್ಲೇ ಗುಲಾಮನಾಗಿ ಮಾರಾಟವಾಗಿ, ಬಗ್ದಾದ್ ದಾಟಿ, ಕೊನೆಗೆ ದಖ್ಖನಿಗೆ ಬಂದು ಅಹಮದ್‌ನಗರ ರಾಜ್ಯದ ಆಡಳಿತವನ್ನೇ ಕೈಯಲ್ಲಿ ಹಿಡಿದು, ಮೊಘಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದವರು ಅವರು. 1626ರಲ್ಲಿ ತೀರಿಕೊಂಡರು. ಅವರ ಸಮಾಧಿ ಖುಲ್ದಾಬಾದಿನಲ್ಲಿದೆ. ನಮ್ಮ ಮಿನಾರು ಎದ್ದು ನಿಂತಾಗ ಅವರು ಹುಟ್ಟಲು ಇನ್ನೂ 35 ವರ್ಷ ಇತ್ತು.

ಹಾಗಾದರೆ ರಾಯಚೂರಿನ ಅಂಬರ್ ಯಾರು? ಕಲ್ಲು ನಮಗೆ ಹೇಳುವುದು ಹೆಸರು, ಕಾಲ, ಸುಲ್ತಾನನ ಹೆಸರು, ಅಷ್ಟೇ. ಸುಮಾರು 65 ಅಡಿಯ ಮಿನಾರು, ಒಳಗೆ ಸುತ್ತಿ ಹತ್ತುವ ಮೆಟ್ಟಿಲು, ಐನೂರು ವರ್ಷ ಅಲ್ಲಿಂದ ಕೇಳಿಬಂದ ಅಝಾನ್. ಇಷ್ಟು ಮಾಡಿ ಹೋದ ಮನುಷ್ಯನ ತಂದೆಯ ಹೆಸರೂ ನಮ್ಮ ನಾಲಿಗೆಯ ಮೇಲಿಲ್ಲ. ಅಂಬರ್ ಎಂದರೆ ಸುಗಂಧದ್ರವ್ಯ. ಆ ಕಾಲದಲ್ಲಿ ಹಬ್ಶಿ ಗುಲಾಮರಿಗೆ ಒಡೆಯರು ಇಡುತ್ತಿದ್ದ ಹೆಸರುಗಳೇ ಹೀಗೆ: ಅಂಬರ್, ಯಾಕೂತ್ (ಮಾಣಿಕ್ಯ), ಮರ್ಜಾನ್ (ಹವಳ), ರೈಹಾನ್ (ಕಾಮಕಸ್ತೂರಿ), ಸಂದಲ್ (ಗಂಧ), ಕಾಫೂರ್ (ಕರ್ಪೂರ). ಸಿರಾದಲ್ಲಿ ಮಲಿಕ್ ರೈಹಾನರ ಸಮಾಧಿ ಇದೆ, ವಿಜಯಪುರದ ತಾಜ್ ಬಾವಡಿಯನ್ನು ಕಟ್ಟಿಸಿದವರು ಮಲಿಕ್ ಸಂದಲ್. 'ಮಲಿಕ್' ಎಂಬುದು ಬಿರುದು. ಹಾಗಾಗಿ 'ಮಲಿಕ್ ಅಂಬರ್' ಎಂಬ ಹೆಸರಿನವರು ದಖ್ಖನಿನಲ್ಲಿ ಒಬ್ಬರೇ ಇರಬೇಕೆಂದೇನೂ ಇಲ್ಲ. ಊರಿನಿಂದ, ತಾಯ್ತಂದೆಯಿಂದ ಕಿತ್ತು ತಂದ ಮನುಷ್ಯನ ಹೆಸರಿನ ಮುಂದೆ 'ಇಂಥವರ ಮಗ' ಎಂದು ಬರೆಯುವವರು ಯಾರು? ಬರೀ ಹೆಸರಷ್ಟೇ ಉಳಿಯಿತು. ಅದೇ ಹೆಸರಿನ ದೊಡ್ಡವರೊಬ್ಬರು ನೂರು ವರ್ಷದ ನಂತರ ಬಂದಾಗ, ಮೊದಲಿನವರ ಪುಣ್ಯದ ಕೆಲಸ ಜನರ ಬಾಯಲ್ಲಿ ಎರಡನೆಯವರ ಖಾತೆಗೆ ಹೋಯಿತು.

ಅಲ್ಲಾಹನ ಬಳಿ ಇಂಥ ಅದಲುಬದಲು ಇಲ್ಲ. ಅದು ನಮ್ಮ ಈಮಾನ್. ಆದರೆ ಮನುಷ್ಯರ ನಡುವೆ ಯಾರ ಕೆಲಸ ಯಾರದು, ಯಾರ ತಪ್ಪು ಯಾರದು ಎಂದು ಸರಿಯಾಗಿ ಗುರುತಿಸುವುದು ನಮ್ಮ ಮೇಲಿರುವ ಅಮಾನತ್. ಆ ಹುಡುಗನಿಗೆ ಅಂದು ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದೆ. ಉಳಿದದ್ದು ಇಲ್ಲಿ.

ಹೆಸರಿನ ಈ ಗೊಂದಲ ಹೊಸದಲ್ಲ. ಪ್ರವಾದಿ(ಸ)ರ ಕಾಲದಲ್ಲೇ ಎದ್ದ ಪ್ರಶ್ನೆ ಇದು. ಹಝ್ರತ್ ಮುಗೀರಾ ಬಿನ್ ಶುಅಬಾ(ರ) ನಜ್ರಾನಿಗೆ ಹೋದಾಗ ಅಲ್ಲಿನ ಕ್ರೈಸ್ತರು ಅವರನ್ನು ತಡೆದು ಕೇಳಿದರು: ನಿಮ್ಮ ಕುರ್‌ಆನಿನಲ್ಲಿ ಮರ್ಯಮರನ್ನು ಹಾರೂನರ ಸಹೋದರಿ ಎಂದು ಕರೆಯಲಾಗಿದೆ. ಹಾರೂನ್ ಎಂದರೆ ಮೂಸಾರ ಅಣ್ಣ. ಮೂಸಾರಿಗೂ ಈಸಾರಿಗೂ ನಡುವೆ ಎಷ್ಟು ಕಾಲ ಕಳೆದಿದೆ! ಇದು ಹೇಗೆ? ಮುಗೀರಾ(ರ) ಬಳಿ ಉತ್ತರ ಇರಲಿಲ್ಲ. ಮದೀನಾಕ್ಕೆ ಮರಳಿ ಪ್ರವಾದಿ(ಸ)ರನ್ನು ಕೇಳಿದರು. ಆ ಜನರು ತಮಗಿಂತ ಹಿಂದೆ ಆಗಿಹೋದ ಪ್ರವಾದಿಗಳ, ಸಜ್ಜನರ ಹೆಸರನ್ನು ತಮ್ಮ ಮಕ್ಕಳಿಗೆ ಇಡುತ್ತಿದ್ದರು ಎಂದು ಪ್ರವಾದಿ(ಸ)ರು ವಿವರಿಸಿದರು. ಸಹೀಹ್ ಮುಸ್ಲಿಮಿನಲ್ಲಿ ಈ ಹದೀಸ್ ಇದೆ. ಸೂರಃ ಮರ್ಯಮಿನ 28ನೇ ವಚನದ ಹಾರೂನ್ ಬೇರೆ, ಮೂಸಾ(ಅ)ರ ಸಹೋದರ ಹಾರೂನ್(ಅ) ಬೇರೆ ಎಂಬುದು ಇದರಿಂದ ಬಹಳಷ್ಟು ಮುಫಸ್ಸಿರರು ತಿಳಿದುಕೊಂಡ ಅರ್ಥ.

ಈ ಹದೀಸಿನಲ್ಲಿ ಎರಡು ಪಾಠ ಇವೆ. ಒಳ್ಳೆಯವರ ಹೆಸರನ್ನು ಮಕ್ಕಳಿಗೆ ಇಡುವುದು ಹಳೆಯ ವಾಡಿಕೆ ಎಂಬುದು ಒಂದು. ಹೆಸರು ಒಂದೇ ಎಂದ ಮಾತ್ರಕ್ಕೆ ಮನುಷ್ಯ ಒಬ್ಬನೇ ಎಂದು ತೀರ್ಮಾನಿಸಬೇಡಿ ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಚೆನ್ನಾಗಿ ಪಾಲಿಸುತ್ತೇವೆ. ಎರಡನೆಯದನ್ನು ಮರೆಯುತ್ತೇವೆ.

ನಮ್ಮ ನೆಲದ ಇತಿಹಾಸದಲ್ಲೇ ನೋಡಿ. ಬಕ್ರೀದ್ ಬಂದರೆ ಇಬ್ರಾಹೀಮ್(ಅ) ಮತ್ತು ಇಸ್ಮಾಈಲ್(ಅ)ರ ನೆನಪಾಗುತ್ತದೆ. ಅದೇ ತಂದೆ–ಮಗನ ಹೆಸರುಗಳನ್ನು ಬಿಜಾಪುರದ ಅರಮನೆಯಲ್ಲೂ ಇಟ್ಟುಕೊಂಡರು, ಆದರೆ ತಿರುವುಮುರುವಾಗಿ. ಇಸ್ಮಾಈಲ್ ಆದಿಲ್ ಶಾಹ್ ತಂದೆ, ಇಬ್ರಾಹೀಮ್ ಆದಿಲ್ ಶಾಹ್ ಮಗ. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನ ವಿರುದ್ಧ ಕೃಷ್ಣಾ ನದಿಯ ಬಳಿ ಯುದ್ಧ ಮಾಡಿ ಸೋತ ಇಸ್ಮಾಈಲ್ ಇವರೇ. ಕೃಷ್ಣದೇವರಾಯ ತೀರಿದ ಮೇಲೆ ರಾಯಚೂರನ್ನು ಮತ್ತೆ ಗೆದ್ದುಕೊಂಡವರೂ ಇವರೇ. ಅದೇ ಹೆಸರಿನ ಇನ್ನೊಬ್ಬರು ಕತ್ತಿ ಹಿಡಿದವರಲ್ಲ: ಸರ್ ಮಿರ್ಝಾ ಇಸ್ಮಾಈಲ್. 1926ರಿಂದ 1941ರವರೆಗೆ ಮೈಸೂರಿನ ದಿವಾನರು. ಮೈಸೂರಿನವರು ಇವರನ್ನು ತಮ್ಮವರೆಂದೇ ಹೇಳುತ್ತಾರೆ. ಆದರೆ 1946–47ರಲ್ಲಿ ಇವರು ನಿಜಾಮರ ಹೈದರಾಬಾದ್ ಸರ್ಕಾರದ ಮುಖ್ಯಸ್ಥರೂ ಆಗಿದ್ದರು. ಆಗ ರಾಯಚೂರು, ಮಾನ್ವಿ, ದೇವದುರ್ಗ ಎಲ್ಲ ಅದೇ ಸಂಸ್ಥಾನದಲ್ಲಿದ್ದವು. ಒಬ್ಬ ಇಸ್ಮಾಈಲ್ ನಮ್ಮ ಊರಿಗಾಗಿ ಸೈನ್ಯ ತಂದರು, ಇನ್ನೊಬ್ಬ ಇಸ್ಮಾಈಲ್ ಕಡತದ ಮೂಲಕ ನಮ್ಮನ್ನು ಆಳಿದರು.

ಇಬ್ರಾಹೀಮರ ಕಥೆ ಇನ್ನೂ ಗೋಜಲು. ಇಬ್ರಾಹೀಮ್ ಆದಿಲ್ ಶಾಹ್ ಇಬ್ಬರು. ಮೊದಲನೆಯವರ ಆಳ್ವಿಕೆ 1534ರಿಂದ 1558. ಎರಡನೆಯವರು ಅವರ ಮೊಮ್ಮಗ, 1580ರಿಂದ 1627. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮ ಮನೆಗಳಲ್ಲಿ ಈಗಲೂ ಇದೆಯಲ್ಲ, ಹಾಗೆಯೇ. ಸಂಗೀತಪ್ರಿಯ, 'ಜಗದ್ಗುರು' ಎಂದು ಹೆಸರಾದವರು, ವಿಜಯಪುರದ ಇಬ್ರಾಹೀಮ್ ರೋಜಾದಲ್ಲಿ ಮಲಗಿರುವವರು ಮೊಮ್ಮಗ. ಅಜ್ಜ ಇರುವುದು ಅಲ್ಲಲ್ಲ. ದೇವದುರ್ಗದವರು ಕೃಷ್ಣೆ ದಾಟಿ ಶಹಾಪುರದ ಕಡೆ ಹೋದರೆ ಗೋಗಿ ಸಿಗುತ್ತದೆ. ಅಲ್ಲಿ ಚಂದಾ ಹುಸೇನಿ ದರ್ಗಾದ ಬಳಿ ಇಸ್ಮಾಈಲರೂ ಮೊದಲನೇ ಇಬ್ರಾಹೀಮರೂ ದಫನ್ ಆಗಿದ್ದಾರೆ. ಇಷ್ಟು ಸಾಲದೆಂಬಂತೆ ಅದೇ ಕಾಲದಲ್ಲಿ ಗೋಲ್ಕೊಂಡದಲ್ಲೂ ಒಬ್ಬ ಇಬ್ರಾಹೀಮ್ ಇದ್ದರು, ಕುತುಬ್ ಶಾಹ್ (1550–1580). ಗದ್ದುಗೆಗೆ ಬರುವ ಮುಂಚೆ ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದು, ತೆಲುಗು ಕಲಿತು, ತೆಲುಗು ಕವಿಗಳಿಂದ 'ಮಲ್ಕಿಭರಾಮ' ಎಂದು ಕರೆಸಿಕೊಂಡವರು. ನಮ್ಮ ಕಾಲಕ್ಕೆ ಬಂದರೆ ಮಹಾಲಿಂಗಪುರದ ಇಬ್ರಾಹೀಂ ಸುತಾರ್. ಸಿಂಹಾಸನವಿಲ್ಲದವರು. ಊರೂರು ತಿರುಗಿ ಭಜನೆ–ಸಂವಾದ ನಡೆಸಿ ಜನರ ನಡುವೆ ಸೌಹಾರ್ದ ಬೆಳೆಸಿದವರು. 2018ರಲ್ಲಿ ಪದ್ಮಶ್ರೀ ಬಂತು, 2022ರಲ್ಲಿ ತೀರಿಕೊಂಡರು. ಎಲ್ಲರಿಗೂ ಒಬ್ಬ ಪ್ರವಾದಿಯ ಹೆಸರೇ. ಆದರೆ ಯಾರ ಬದುಕೂ ಇನ್ನೊಬ್ಬರ ಬದುಕಿನಂತಿಲ್ಲ.

ಹೆಸರು ಒಂದಾದಾಗ ಆಗುವ ಮುಜುಗರವನ್ನು ಪ್ರವಾದಿ(ಸ)ರು ಸ್ವತಃ ಅನುಭವಿಸಿದ್ದಾರೆ. ಮದೀನಾದ ಪೇಟೆಯಲ್ಲಿ ಒಬ್ಬರು "ಅಬುಲ್ ಕಾಸಿಮ್!" ಎಂದು ಕೂಗಿದರು. ಅದು ಪ್ರವಾದಿ(ಸ)ರ ಕುನಿಯತ್, ಅಂದರೆ ಮಗನ ಹೆಸರಿನಿಂದ ಬಂದ ಗೌರವದ ಹೆಸರು. ಪ್ರವಾದಿ(ಸ)ರು ತಿರುಗಿ ನೋಡಿದರು. ಕೂಗಿದವರು, ನಾನು ಕರೆದದ್ದು ತಮ್ಮನ್ನಲ್ಲ, ಬೇರೊಬ್ಬರನ್ನು ಎಂದರು. ಆಗ ಪ್ರವಾದಿ(ಸ)ರು ತಮ್ಮ ಹೆಸರನ್ನು ಇಟ್ಟುಕೊಳ್ಳಲು ಒಪ್ಪಿ, ಕುನಿಯತ್ತನ್ನು ಇಟ್ಟುಕೊಳ್ಳಬೇಡಿ ಎಂದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದು ಬಂದಿದೆ. ಈ ತಡೆ ಪ್ರವಾದಿ(ಸ)ರ ಜೀವಿತಕಾಲಕ್ಕೆ ಮಾತ್ರವೋ ಯಾವಾಗಲೂ ಇರುವುದೋ ಎಂಬುದರಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಹಝ್ರತ್ ಅಲೀ(ರ) ಅನುಮತಿ ಕೇಳಿ ತಮ್ಮ ಮಗನಿಗೆ ಮುಹಮ್ಮದ್ ಎಂಬ ಹೆಸರನ್ನೂ ಅಬುಲ್ ಕಾಸಿಮ್ ಎಂಬ ಕುನಿಯತ್ತನ್ನೂ ಇಟ್ಟರು. ಅವರೇ ಮುಹಮ್ಮದ್ ಬಿನ್ ಹನಫಿಯ್ಯಾ. ನನಗೆ ಇಲ್ಲಿ ಮುಖ್ಯವೆನಿಸುವುದು ಬೇರೆ: ಮುಹಮ್ಮದ್ ಎಂಬ ಹೆಸರು ಎಲ್ಲರಿಗೂ ಸಿಗಲಿ, ಆದರೆ ಕರೆದಾಗ ಯಾರನ್ನು ಕರೆದದ್ದು ಎಂಬುದೂ ತಿಳಿಯುವಂತಿರಲಿ ಎಂಬ ಎರಡೂ ಕಾಳಜಿ ಆ ಒಂದು ಉತ್ತರದಲ್ಲಿ ಕಾಣುತ್ತದೆ.

ಹೆಣ್ಣುಮಕ್ಕಳಿಗೆ ಹೇಳಲೇಬೇಕಾದ ಒಂದು ಪ್ರಸಂಗವೂ ಇದೆ. ಪ್ರವಾದಿ(ಸ)ರಿಗೆ ಉಡುಗೊರೆಯಾಗಿ ರೇಷ್ಮೆ ಬಟ್ಟೆಯೊಂದು ಬಂತು. ಅದನ್ನು ಹಝ್ರತ್ ಅಲೀ(ರ)ಗೆ ಕೊಟ್ಟು, ತಲೆವಸ್ತ್ರಗಳಾಗಿ ಹರಿದು 'ಫಾತಿಮಾಗಳಿಗೆ' ಹಂಚು ಎಂದರು. ಒಬ್ಬ ಫಾತಿಮಾಗೆ ಅಲ್ಲ, ಫಾತಿಮಾಗಳಿಗೆ! ಪ್ರವಾದಿ(ಸ)ರ ಮಗಳು ಫಾತಿಮಾ, ಅಲೀ(ರ)ರ ತಾಯಿ ಫಾತಿಮಾ ಬಿಂತ್ ಅಸದ್, ಹಝ್ರತ್ ಹಂಝಾ(ರ)ರ ಮಗಳು ಫಾತಿಮಾ ಎಂದು ಉಲಮಾಗಳು ವಿವರಿಸುತ್ತಾರೆ. ಒಂದೇ ಕುಟುಂಬದ ಸುತ್ತಮುತ್ತ ಮೂವರು. ಅತ್ತೆಗೂ ಸೊಸೆಗೂ ಒಂದೇ ಹೆಸರು. ಎಲ್ಲರಿಗೂ ಪಾಲು ಸಿಕ್ಕಿತು.

ಸಹಾಬಿಗಳ ಹೆಸರು ಓದುವಾಗ ನಮ್ಮ ಮಕ್ಕಳು ಬೆರೆಸಿಬಿಡುವುದು ಇಬ್ಬರು ಝೈದರನ್ನು. ಝೈದ್ ಬಿನ್ ಹಾರಿಸಾ(ರ) ಯೋಧರು. ಮುಅ್ತಾ ಯುದ್ಧದಲ್ಲಿ ಹಿಜರಿ 8ರಲ್ಲಿ ಶಹೀದರಾದರು. ಕುರ್‌ಆನಿನಲ್ಲಿ ಹೆಸರೆತ್ತಿ ಹೇಳಲಾದ ಏಕೈಕ ಸಹಾಬಿ ಇವರು. ಝೈದ್ ಬಿನ್ ಸಾಬಿತ್(ರ) ಬರಹಗಾರರು. ಹಝ್ರತ್ ಅಬೂಬಕರ್(ರ)ರ ಕಾಲದಲ್ಲಿ ಕುರ್‌ಆನನ್ನು ಒಟ್ಟುಗೂಡಿಸುವ ಭಾರ ಹೊತ್ತವರು. ಒಬ್ಬರ ಹೆಸರು ಕುರ್‌ಆನಿನೊಳಗೆ, ಇನ್ನೊಬ್ಬರ ಶ್ರಮ ಕುರ್‌ಆನಿನ ಪ್ರತಿಯಲ್ಲಿ. ಮೊದಲನೆಯ ಝೈದರನ್ನು ಪ್ರವಾದಿ(ಸ)ರು ಸಾಕುಮಗನಾಗಿ ನೋಡಿಕೊಂಡಿದ್ದರಿಂದ ಜನ ಅವರನ್ನು 'ಝೈದ್ ಬಿನ್ ಮುಹಮ್ಮದ್' ಎಂದೇ ಕರೆಯುತ್ತಿದ್ದರು. ಸೂರಃ ಅಹ್‌ಝಾಬಿನ 5ನೇ ವಚನ ಇಳಿದಾಗ ಅದು ನಿಂತಿತು. ಪ್ರೀತಿಯಿಂದಲೇ ಆದರೂ ಮನುಷ್ಯನ ನಸಬನ್ನು, ಅಂದರೆ ತಂದೆಯ ವಂಶವನ್ನು, ಬದಲಿಸಬಾರದು ಎಂಬ ನಿಯಮ ಬಂತು. ಕಿಯಾಮತಿನ ದಿನ ತಾಯಿಯ ಹೆಸರಿನಿಂದ ಕರೆಯುತ್ತಾರೆ ಎಂಬ ಮಾತು ನಮ್ಮ ಕಡೆ ಹಲವರಲ್ಲಿದೆ. ಇಮಾಮ್ ಬುಖಾರಿ(ರ) ತಮ್ಮ ಗ್ರಂಥದಲ್ಲಿ ಒಂದು ಅಧ್ಯಾಯಕ್ಕೆ ಜನರನ್ನು ತಂದೆಯ ಹೆಸರಿನಿಂದ ಕರೆಯಲಾಗುತ್ತದೆ ಎಂದೇ ಶೀರ್ಷಿಕೆ ಕೊಟ್ಟಿದ್ದಾರೆ.

ಹದೀಸ್ ವಿದ್ವಾಂಸರಿಗೆ ಈ ವಿಷಯ ಬರೀ ಕುತೂಹಲವಾಗಿರಲಿಲ್ಲ, ದೀನಿನ ರಕ್ಷಣೆಯ ಪ್ರಶ್ನೆಯಾಗಿತ್ತು. ಅಬ್ದುಲ್ಲಾಹ್ ಎಂಬ ಹೆಸರಿನ ಸಹಾಬಿಗಳೇ 200ಕ್ಕೂ ಹೆಚ್ಚು. ಹದೀಸಿನ ಸರಪಳಿಯಲ್ಲಿ ಬರೀ 'ಸುಫ್ಯಾನ್ ಹೇಳಿದರು' ಎಂದಿದ್ದರೆ ಯಾವ ಸುಫ್ಯಾನ್? ಹಿಜರಿ 161ರಲ್ಲಿ ತೀರಿದ ಕೂಫಾದ ಸುಫ್ಯಾನ್ ಸೌರಿಯೋ, 198ರಲ್ಲಿ ತೀರಿದ ಮಕ್ಕಾದ ಸುಫ್ಯಾನ್ ಬಿನ್ ಉಯೈನಾ ಅವರೋ? ಕೇಳಿದವರು ಯಾರ ಶಿಷ್ಯರು, ಯಾವ ಊರಿನವರು, ಯಾವ ವರ್ಷ ಎಲ್ಲಿದ್ದರು ಎಂದು ಹುಡುಕಿ ತೀರ್ಮಾನಿಸುತ್ತಿದ್ದರು. ಈ ಇಬ್ಬರೂ ನಂಬಿಕಸ್ಥರು, ತಪ್ಪಿದರೂ ನಷ್ಟ ಕಡಿಮೆ. ಒಂದೇ ಹೆಸರಿನವರಲ್ಲಿ ಒಬ್ಬರು ನಂಬಿಕಸ್ಥರು, ಇನ್ನೊಬ್ಬರು ದುರ್ಬಲರು ಆಗಿದ್ದರೆ? ಸರಿಯಾದ ಹದೀಸನ್ನು ಬಿಟ್ಟುಬಿಡುವ ಅಥವಾ ದುರ್ಬಲವಾದುದನ್ನು ಪ್ರವಾದಿ(ಸ)ರ ಹೆಸರಿಗೆ ಹಚ್ಚುವ ಅಪಾಯ. ಅದಕ್ಕೇ ಖತೀಬ್ ಬಗ್ದಾದಿ(ರ) (ಮರಣ ಹಿಜರಿ 463) ಇಂಥ ಒಂದೇ ಹೆಸರಿನವರಿಗಾಗಿಯೇ ಒಂದು ಗ್ರಂಥ ಬರೆದರು, 'ಅಲ್–ಮುತ್ತಫಿಕ್ ವಲ್–ಮುಫ್ತರಿಕ್'. ಹೆಸರಿನಲ್ಲಿ ಕೂಡುವವರು, ವ್ಯಕ್ತಿಯಾಗಿ ಬೇರೆಯಾಗುವವರು ಎಂಬುದು ಅದರ ತಾತ್ಪರ್ಯ. ಖಲೀಲ್ ಬಿನ್ ಅಹ್ಮದ್ ಎಂಬ ಹೆಸರಿನವರೇ ಆರು ಮಂದಿಯನ್ನು ವಿದ್ವಾಂಸರು ಬೇರ್ಪಡಿಸಿ ತೋರಿಸಿದ್ದಾರೆ. ಅವರಲ್ಲಿ ಒಬ್ಬರು ಅರಬಿ ಛಂದಸ್ಸಿನ ಶಾಸ್ತ್ರ ಕಟ್ಟಿದ ಪ್ರಸಿದ್ಧ ವೈಯಾಕರಣರು. ತಂದೆಯ ಹೆಸರೂ ಸೇರಿ ಒಂದೇ ಎಂಬುದನ್ನು ಗಮನಿಸಿ.

ತಂದೆಯ ಹೆಸರೂ ಸಾಲದೆ ಹೋದ ಇನ್ನೊಂದು ಉದಾಹರಣೆ ಸ್ಪೇನಿನ ಕುರ್ತುಬಾದ್ದು. ಅಬುಲ್ ವಲೀದ್ ಮುಹಮ್ಮದ್ ಬಿನ್ ಅಹ್ಮದ್ ಇಬ್ನ್ ರುಶ್ದ್. ಹೆಸರು, ತಂದೆಯ ಹೆಸರು, ಕುನಿಯತ್, ಮನೆತನ, ಊರು, ಖಾಝಿ ಹುದ್ದೆ, ಎಲ್ಲವೂ ಒಂದೇ. ಆದರೆ ಇಬ್ಬರು: ಅಜ್ಜ ಮತ್ತು ಮೊಮ್ಮಗ. ಅಜ್ಜ ತೀರಿದ್ದು 1126ರಲ್ಲಿ, ಮೊಮ್ಮಗ ಹುಟ್ಟಿದ್ದೂ ಅದೇ ವರ್ಷ. ಅಜ್ಜ ಮಾಲಿಕೀ ಫಿಕ್‌ಹ್‌ನ ದೊಡ್ಡ ಇಮಾಮರು, ಮೊಮ್ಮಗ ಯುರೋಪಿನವರು ಶತಮಾನಗಳ ಕಾಲ ಓದಿದ ತತ್ವಜ್ಞಾನಿ ಮತ್ತು ವೈದ್ಯರು. ಕೊನೆಗೆ ಜನ 'ಅಲ್–ಜದ್ದ್', 'ಅಲ್–ಹಫೀದ್' ಎಂದು, ಅಂದರೆ ಅಜ್ಜ, ಮೊಮ್ಮಗ ಎಂದೇ ಸೇರಿಸಿ ಹೇಳಬೇಕಾಯಿತು.

ಗುರುತು ಹಿಡಿಯುವ ಈ ಚಿಂತೆ ಎಲ್ಲ ಸಮುದಾಯಗಳಲ್ಲೂ ಇದೆ. ನಮ್ಮ ಪಕ್ಕದಲ್ಲೇ ನೋಡಿ: ಮಾನ್ವಿಯ ಜಗನ್ನಾಥದಾಸರು, ದೇವದುರ್ಗದ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು. ಈ ಹರಿದಾಸರು ಹಾಡಿನ ಕೊನೆಗೆ ತಮ್ಮ ಅಂಕಿತ ಸೇರಿಸುತ್ತಿದ್ದರು, ಒಬ್ಬರ ಅಂಕಿತ ಇನ್ನೊಬ್ಬರಿಗಿಲ್ಲ. ಒಡಿಯಾ ಭಾಷೆಯಲ್ಲೂ ಒಬ್ಬ ಹೆಸರಾಂತ ಜಗನ್ನಾಥ ದಾಸರಿದ್ದಾರೆ, ಭಾಗವತ ಬರೆದವರು. ಅವರನ್ನೂ ಮಾನ್ವಿಯವರನ್ನೂ ಯಾರೂ ಬೆರೆಸುವುದಿಲ್ಲ.

ಈಗ ನಮ್ಮ ಓಣಿಗೆ ಬರೋಣ. ರಾಯಚೂರು ಜಿಲ್ಲೆಯ ಯಾವ ಹಳ್ಳಿಗೆ ಹೋಗಿ "ಮಹಬೂಬ್ ಸಾಬ್ ಮನಿ ಎಲ್ಲಿ?" ಎಂದು ಕೇಳಿ ನೋಡಿ. "ಯಾವ ಮಹಬೂಬ್ರಿ? ಮೂರು ಮಂದಿ ಅದಾರ" ಎಂಬ ಉತ್ತರ ಬರುತ್ತದೆ. ಖಾಜಾ ಹುಸೇನ್, ಖಾಜಾ ಮೈನುದ್ದೀನ್, ದಸ್ತಗೀರ್, ಮೌಲಾಲಿ, ಚಾಂದ್ ಪಾಷಾ. ಹಿರಿಯರು ಮೆಚ್ಚಿ ಇಟ್ಟ ಇದೇ ಹತ್ತಿಪ್ಪತ್ತು ಹೆಸರು ಮನೆಮನೆಯಲ್ಲಿ ಇವೆ. ಬೇರ್ಪಡಿಸಲು ಹಳ್ಳಿಯವರು ಏನು ಮಾಡುತ್ತಾರೆ? ಗಿರಣಿ ಮಹಬೂಬ್, ಟೇಲರ್ ಮಹಬೂಬ್ ಎನ್ನುತ್ತಾರೆ. ಅಲ್ಲಿಯವರೆಗೆ ಸರಿ. ಕುಂಟ, ಕರಿಯ ಎಂದೂ ಶುರುವಾಗುತ್ತದೆ. ಸೂರಃ ಹುಜುರಾತಿನ 11ನೇ ವಚನ ಕೆಟ್ಟ ಅಡ್ಡಹೆಸರಿನಿಂದ ಕರೆಯುವುದನ್ನು ತಡೆಯುತ್ತದೆ. ಹಾಗಾದರೆ ಹದೀಸಿನ ಸರಪಳಿಯಲ್ಲೇ ಅಲ್–ಅಅ್‌ರಜ್ (ಕುಂಟುವವರು), ಅಲ್–ಅಅ್‌ಮಶ್ (ಕಣ್ಣು ಮಂದವಾದವರು) ಎಂಬ ಹೆಸರು ಬರುತ್ತವಲ್ಲ ಎಂದು ಕೇಳಬಹುದು. ಬೇರೆ ರೀತಿಯಲ್ಲಿ ಗುರುತು ಸಿಗದಿದ್ದಾಗ, ಹೀಯಾಳಿಸುವ ಉದ್ದೇಶ ಇಲ್ಲದಿದ್ದಾಗ ಮಾತ್ರ ಅದಕ್ಕೆ ಉಲಮಾಗಳು ಅವಕಾಶ ಕೊಟ್ಟಿದ್ದಾರೆ. ಚಹಾ ಅಂಗಡಿಯ ಮುಂದೆ ನಗಲಿಕ್ಕೆ ಕೊಟ್ಟ ಅವಕಾಶವಲ್ಲ.

ಹೆಸರಿನ ಅದಲುಬದಲು ಬದುಕಿರುವವರಿಗೆ ಏನು ಮಾಡುತ್ತದೆ ಎಂಬುದನ್ನು ನಾನು ನಮ್ಮ ಸಂಬಂಧಿಕರ ಮನೆಯಲ್ಲೇ ಕಂಡೆ. ದೇವದುರ್ಗ ಕಡೆಯ ಹಳ್ಳಿ. ಒಂದೇ ಹೆಸರಿನ ಇಬ್ಬರು ಮುದುಕರು, ಇಬ್ಬರಿಗೂ ವೃದ್ಧಾಪ್ಯ ವೇತನ. ಒಬ್ಬರು ತೀರಿಕೊಂಡರು. ಮುಂದಿನ ತಿಂಗಳಿಂದ ದುಡ್ಡು ನಿಂತದ್ದು ಬದುಕಿದ್ದವರದು! ಚಾಚಾ ಕೋಲೂರಿಕೊಂಡು ಕಚೇರಿಗೆ ಹೋದರೆ, "ಇಲ್ಲಿ ನೀವು ಸತ್ತೀರಿ ಅಂತ ಐತಲ್ರಿ" ಎಂದರಂತೆ. ಚಾಚಾ ನಗುತ್ತಲೇ ಹೇಳಿದರು, ಆದರೆ ಬದುಕಿದ್ದೇನೆ ಎಂದು ಕಾಗದದಲ್ಲಿ ತೋರಿಸಲು ಅವರಿಗೆ ಏಳು ತಿಂಗಳು ಹಿಡಿಯಿತು. ಪಟ್ಟಿಯಲ್ಲಿ ಇಬ್ಬರ ಹೆಸರಿನ ಮುಂದೆಯೂ ತಂದೆಯ ಹೆಸರಿನ ಜಾಗ ಖಾಲಿ ಇತ್ತು. ಅರ್ಜಿ ತುಂಬುವಾಗ ಬಿಟ್ಟವರು ಮನೆಯವರೇ.

ವಿಚಿತ್ರವೆಂದರೆ, ಈ ಅರಬಿ ಪದ್ಧತಿ ಕನ್ನಡ ನಾಡಿನ ಕಂದಾಯ ದಾಖಲೆಗಳಲ್ಲಿ ಬೇರೂರಿದೆ. ಮೈಸೂರು, ಕೋಲಾರ ಕಡೆಯ ಪಹಣಿ ತೆಗೆದು ನೋಡಿದರೆ ಯಾವ ಜಾತಿಯವರಾದರೂ 'ಇಂಥವರು ಬಿನ್ ಇಂಥವರು' ಎಂದೇ ಇರುತ್ತದೆ. ನಮ್ಮ ಕಡೆ 'ಬಿನ್' ಬದಲು 'ತಂದೆ' ಎಂದು ಬರೆಯುತ್ತಾರೆ. ಜಮೀನಿನ ಕಾಗದದಲ್ಲಿ ಇಷ್ಟು ಎಚ್ಚರ ಇರುವ ನಾವು ಮಗುವಿನ ಕಾಗದದಲ್ಲಿ ಸಡಿಲ ಬಿಡುತ್ತೇವೆ.

ಅದರಲ್ಲೂ 'ಅಬ್ದುಲ್' ಕಥೆ. ಅಬ್ದುಲ್ ಎಂಬುದು ಪೂರ್ತಿ ಹೆಸರೇ ಅಲ್ಲ. 'ದಾಸ' ಎಂಬರ್ಥದ ಅಬ್ದ್‌ಗೆ ಮುಂದಿನ ಪದದ 'ಅಲ್' ಅಂಟಿಕೊಂಡ ಅರ್ಧ ಮಾತು ಅದು. ಮುಂದೆ ರಹ್ಮಾನ್, ರಝಾಕ್, ಗಫ್ಫಾರ್ ಬಂದಾಗಲೇ ಅರ್ಥ ಪೂರ್ತಿಯಾಗುವುದು. ನಾವು ಎರಡು ತಪ್ಪನ್ನೂ ಮಾಡುತ್ತೇವೆ. ಶಾಲೆಯ ರಿಜಿಸ್ಟರಿನಲ್ಲಿ 'ಅಬ್ದುಲ್' ಮಾತ್ರ ಹೆಸರಾಗಿ, 'ರಹ್ಮಾನ್' ಅಡ್ಡಹೆಸರಾಗಿ ಹೋಗುತ್ತದೆ. ಮನೆಯಲ್ಲಿ 'ಅಬ್ದುಲ್' ಬಿಟ್ಟು "ಏ ರಹ್ಮಾನ್, ಇಲ್ಲಿ ಬಾ" ಎನ್ನುತ್ತೇವೆ. ರಹ್ಮಾನ್ ಅಲ್ಲಾಹನಿಗೆ ಮಾತ್ರ ಸಲ್ಲುವ ಹೆಸರು. ಮೊದಲನೆಯದರಿಂದ ಆಧಾರ್, ಟಿ.ಸಿ., ಅಂಕಪಟ್ಟಿ ಮೂರರಲ್ಲಿ ಮೂರು ಹೆಸರಾಗುತ್ತದೆ. ಎರಡನೆಯದರಿಂದ ಅದಬ್ ಕೆಡುತ್ತದೆ.

'ಅಬ್ದುಲ್' ಸೇರಿದ ಒಂದೇ ಹೆಸರಿನಿಂದ ಬೇರೆ ಬೇರೆ ದಾರಿಯಲ್ಲಿ ಹೆಸರಾದ ಇಬ್ಬರು ಕನ್ನಡಿಗರು ನೆನಪಾಗುತ್ತಾರೆ. ಒಬ್ಬರು ಗುಂಡ್ಲುಪೇಟೆಯ ಅಬ್ದುಲ್ ನಝೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಬರದ ದಿನಗಳಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಕುಡಿಯುವ ನೀರು ಕೊಟ್ಟದ್ದಕ್ಕೆ ಜನ ಪ್ರೀತಿಯಿಂದ 'ನೀರ್ ಸಾಬ್' ಎಂದರು. ಕೊಡ ಹೊತ್ತು ಮೈಲಿಗಟ್ಟಲೆ ನಡೆದ ನಮ್ಮ ಕಡೆಯ ತಾಯಂದಿರಿಗೆ ಆ ಹೆಸರಿನ ಬೆಲೆ ಗೊತ್ತು. ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಸಿಗುವಂತೆ ಮಾಡಿದವರೂ ಅವರೇ. 1988ರಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ. ಇನ್ನೊಬ್ಬರು ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಎಸ್. ಅಬ್ದುಲ್ ನಝೀರ್. ವಕೀಲರಾಗಿ, 2003ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, 2017ರಿಂದ 2023ರ ಜನವರಿಯವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದು, ಆಮೇಲೆ ಆಂಧ್ರಪ್ರದೇಶದ ರಾಜ್ಯಪಾಲರಾದರು. ಒಬ್ಬರನ್ನು ಬೋರ್‌ವೆಲ್ ನೆನಪಿಸುತ್ತದೆ, ಇನ್ನೊಬ್ಬರನ್ನು ನ್ಯಾಯಪೀಠ. ಜನರು ಕೊಟ್ಟ 'ನೀರ್ ಸಾಬ್' ಎಂಬ ಹೆಸರು ಬೇರೆ ಯಾರಿಗೂ ಹೋಗುವಂತಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ಅಕೀಕಾದ ದಿನ ಇಟ್ಟ ಹೆಸರನ್ನೇ ಪೂರ್ತಿಯಾಗಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಹೇಗೆ ಬರೆಯಬೇಕೆಂದು ಒಂದು ಚೀಟಿಯಲ್ಲಿ ಬರೆದಿಡಿ. ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಬಂದವರು ಬಹಳ ಜನ. ಒಂ​ದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ತಡದ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು. ಶಾಲೆಗೆ ಸೇರಿಸುವ ದಿನದವರೆಗೆ ಕಾಯಬೇಡಿ. ಹೆಣ್ಣುಮಗಳ ಹೆಸರಿನ ಮುಂದೆ ಮದುವೆಯಾದ ಮೇಲೆ ತಂದೆಯ ಹೆಸರು ತೆಗೆದು ಗಂಡನ ಹೆಸರು ಹಚ್ಚಬೇಕೆಂಬ ನಿಯಮ ನಮ್ಮ ದೀನಿನಲ್ಲಿಲ್ಲ. ಪ್ರವಾದಿ(ಸ)ರ ಪತ್ನಿಯರಲ್ಲಿ ಇಬ್ಬರು ಝೈನಬ್ ಇದ್ದರು, ಝೈನಬ್ ಬಿಂತ್ ಖುಝೈಮಾ(ರ) ಮತ್ತು ಝೈನಬ್ ಬಿಂತ್ ಜಹ್‌ಶ್(ರ). ಅವರನ್ನು ನಾವು ಇಂದಿಗೂ ಬೇರ್ಪಡಿಸುವುದು ಅವರವರ ತಂದೆಯ ಹೆಸರಿನಿಂದಲೇ. ಮೊದಲು ಬೇಗಂ, ಮದುವೆಯಾದ ಮೇಲೆ ಬೀ, ರೇಷನ್ ಕಾರ್ಡಿನಲ್ಲಿ ಬಾನು, ಹೀಗೆ ಒಬ್ಬಳೇ ಮೂವರಾಗುವ ತೊಂದರೆಯೂ ತಪ್ಪುತ್ತದೆ.

ಇನ್ನೊಂದು ಎಚ್ಚರ ಮೊಬೈಲಿನದು. ಪತ್ರಿಕೆಯಲ್ಲಿ ಯಾವುದೋ ಅಪರಾಧದ ಸುದ್ದಿಯಲ್ಲಿ ಒಂದು ಹೆಸರು ಬಂತೆಂದರೆ, ಅದೇ ಹೆಸರಿನ ನಮ್ಮೂರಿನವನ ಫೋಟೋ ಸೇರಿಸಿ ಗುಂಪಿಗೆ ಕಳಿಸುವವರಿದ್ದಾರೆ. ಸುದ್ದಿ ಬಂದಾಗ ಪರಿಶೀಲಿಸಿ, ತಿಳಿಯದೆ ಜನರಿಗೆ ಕೇಡು ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಡಿ ಎಂಬುದು ಸೂರಃ ಹುಜುರಾತಿನ 6ನೇ ವಚನದ ಆದೇಶ. ಒಂದು ಹದೀಸಿನ ಸರಪಳಿಯಲ್ಲಿ ಯಾವ ಸುಫ್ಯಾನ್ ಎಂದು ತಿಳಿಯಲು ಊರೂರು ಅಲೆದವರ ಉಮ್ಮತ್ ನಮ್ಮದು. ಯಾವ ಇಬ್ರಾಹೀಂ ಎಂದು ಒಂದು ಫೋನ್ ಮಾಡಿ ಕೇಳುವುದು ಕಷ್ಟವೇ?

ಆ ಹುಡುಗ ಮರುವಾರ ಮತ್ತೆ ಬಂದ. ಈ ಬಾರಿ ಅವನ ಕೈಯಲ್ಲಿ ಮಸೀದಿಯ ಚಂದಾ ರಸೀದಿ ಪುಸ್ತಕವಿತ್ತು. ಮುತವಲ್ಲಿ ಸಾಹೇಬರು ಲೆಕ್ಕ ಬರೆಯಲು ಅವನನ್ನು ಕೂಡಿಸಿಕೊಳ್ಳುತ್ತಾರೆ. "ಸರ್, ಒಂದೇ ಹಾಳೆಯಾಗ ನಾಲ್ಕು ಖಾಜಾ ಹುಸೇನ್ ಬಂದಾರ್ರಿ. ಯಾರ್ ಕೊಟ್ಟಾರ, ಯಾರದು ಬಾಕಿ ಐತಿ ಗೊತ್ತಾಗವಲ್ದು" ಎಂದ. ಮುತವಲ್ಲಿಯವರು ಕನ್ನಡಕ ಏರಿಸಿಕೊಂಡು ನೋಡಿದರು. ಹಳೆಯ ಪುಸ್ತಕ ಮುಗಿಯುವವರೆಗೆ ಪೆನ್ನಿನಿಂದಲೇ ಗೆರೆ ಎಳೆದುಕೊಳ್ಳೋಣ ಎಂದು ತೀರ್ಮಾನವಾಯಿತು. ಹುಡುಗ ಸ್ಕೇಲ್ ಇಟ್ಟು, ಹೆಸರಿನ ಪಕ್ಕದಲ್ಲಿ ಹಾಳೆಹಾಳೆಗೂ ಹೊಸ ಕಾಲಂ ಎಳೆದು, ಮೇಲೆ 'ತಂದೆ' ಎಂದು ಬರೆಯುತ್ತ ಕುಳಿತ.